ಬೀಗರ ಮೇಲೊಂದು ಸುಳ್ಳು ಎಚ್ಚರಿಕೆ

ನಾನು ರಾಡಾರ್ ಕೆಲಸದವಳು ಎಂಬುದು ಗುಟ್ಟು. ಜೋಗುಪಾಳ್ಯದ ನಮ್ಮ ಬೀದಿಯಲ್ಲಿ ಈ ಗುಟ್ಟು ಗೊತ್ತಿಲ್ಲದವರು ಯಾರೂ ಇಲ್ಲ. ಸಿ.ವಿ. ರಾಮನ್ ನಗರದಲ್ಲಿ ನಾನು ಇಳಿಯುವ ಬಸ್ ಸ್ಟಾಪಿಗೆ ಬೇರೆಯೇ ಹೆಸರಿದೆ, ಫಲಕದ ಮೇಲೂ ಅದನ್ನೇ ಬರೆದಿದ್ದಾರೆ. ಆದರೆ ಕಂಡಕ್ಟರು ಬಾಗಿಲಲ್ಲಿ ನಿಂತು "ರಾಡಾರ್, ರಾಡಾರ್! ರಾಡಾರ್ ಇಳ್ಯೋರು ಮುಂದೆ ಬನ್ರೀ" ಎಂದು ಇಡೀ ರಸ್ತೆಗೆ ಕೇಳುವ ಹಾಗೆ ಕೂಗುತ್ತಾನೆ. ಆ ಕೂಗಿಗೂ ನನಗೂ ಸಂಬಂಧವೇ ಇಲ್ಲವೆನ್ನುವ ಮುಖ ಮಾಡಿಕೊಂಡು ನಾನು ಇಳಿಯುತ್ತೇನೆ. ಯಾರಾದರೂ ಎಲ್ಲಿ ಕೆಲಸ ಎಂದರೆ "ಸೆಂಟ್ರಲ್ ಗೌರ್ನಮೆಂಟ್" ಎನ್ನುತ್ತೇನೆ. ಏನು ಕೆಲಸ ಎಂದರೆ "ಆಫೀಸ್ ಕೆಲಸ". ಅದರಾಚೆಗೆ ಕೇಳುವಷ್ಟು ಆಸಕ್ತಿ ಸಾಮಾನ್ಯವಾಗಿ ಯಾರಿಗೂ ಉಳಿದಿರುವುದಿಲ್ಲ.

ಕಾಲೇಜಿನ ಪಠ್ಯಪುಸ್ತಕದಲ್ಲಿ ಇರುವಷ್ಟನ್ನು ಇಲ್ಲಿ ಹೇಳಬಹುದು. ಎಲ್ಲೋ ದೂರದಲ್ಲಿ ಕ್ಷಿಪಣಿಯೊಂದು ಮೇಲೆದ್ದರೆ ಆದಷ್ಟು ಬೇಗ ಕಂಡು ಎಚ್ಚರಿಸಲೆಂದು ದೊಡ್ಡ ರಾಡಾರ್ ಠಾಣೆಗಳಿರುತ್ತವೆ. ತೊಂದರೆಯೇನೆಂದರೆ ಆಕಾಶ ಖಾಲಿ ಇಲ್ಲ. ಕೆಲಸ ಮಾಡುವ ಉಪಗ್ರಹಗಳು, ಕೆಟ್ಟು ನಿಂತ ಉಪಗ್ರಹಗಳು, ಹಳೆಯ ರಾಕೆಟ್ಟಿನ ಚೂರುಗಳು ಎಲ್ಲವೂ ಸುತ್ತುತ್ತಲೇ ಇರುತ್ತವೆ. ರಾಡಾರಿಗೆ ಎಲ್ಲವೂ ಒಂದೊಂದು ಚುಕ್ಕೆ. ಈ ಚುಕ್ಕೆ ಪರಿಚಯದ್ದೋ ಹೊಸದೋ ಎಂದು ಯಂತ್ರಕ್ಕೆ ಕಲಿಸುವ ಗುಂಪಿನಲ್ಲಿ ನಾನೂ ಒಬ್ಬಳು. "ಇದು ದಿನಾ ಬರೋ ಉಪಗ್ರಹ, ಗಾಬರಿ ಬೇಡ" ಎಂದು ಅದಕ್ಕೆ ಹೇಳಿಕೊಡದಿದ್ದರೆ ಗೊತ್ತಿದ್ದವರು ಬಂದರೂ ಗಂಟೆ ಬಾರಿಸಿಬಿಡುತ್ತದೆ. ಅದನ್ನು ನಾವು ಸುಳ್ಳು ಎಚ್ಚರಿಕೆ ಎನ್ನುತ್ತೇವೆ. ಸುಳ್ಳು ಎಚ್ಚರಿಕೆ ಏಳದಂತೆ ನೋಡಿಕೊಳ್ಳುವುದರಲ್ಲಿ ಆಫೀಸಿನಲ್ಲಿ ನನಗೆ ಸ್ವಲ್ಪ ಹೆಸರಿದೆ. ಓದುವವರು ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಮುಂದೆ ನಗುವುದಕ್ಕೆ ಬೇಕಾಗುತ್ತದೆ.

ನನ್ನ ಗಂಡ ವಿಮಾನಪುರದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅವರ ಬಾಯಿಗೆ ಬೀಗವಿಲ್ಲ. ಕ್ಯಾಂಟೀನಿನ ಸಾಂಬಾರಿನಿಂದ ಹಿಡಿದು ಮೇಲಧಿಕಾರಿಯ ಅಳಿಯನ ತನಕ ಎಲ್ಲವನ್ನೂ ಊಟದ ಹೊತ್ತಿನಲ್ಲಿ ಹೇಳುತ್ತಾರೆ. ನಾನು ಅನ್ನ ಕಲಸುತ್ತಾ ಕೇಳುತ್ತೇನೆ. "ನಿನ್ನ ಆಫೀಸಲ್ಲಿ ಏನಾಯ್ತು?" ಎಂದು ಮದುವೆಯಾದ ಹೊಸದರಲ್ಲಿ ಅವರೂ ಕೇಳುತ್ತಿದ್ದರು. "ಏನಿಲ್ಲ" ಎಂದು ನಾನು ಹೇಳಿ ಹೇಳಿ, ಕೇಳುವುದನ್ನೇ ಬಿಟ್ಟರು. ಕೆಲವೊಮ್ಮೆ ವಾರಗಟ್ಟಲೆ ಠಾಣೆಯ ಕಡೆ ಹೋಗಬೇಕಾಗುತ್ತದೆ. ಮನೆಯಲ್ಲಿ ಅದರ ಹೆಸರು 'ಟೂರ್', ಅಷ್ಟೇ. ಟೂರಿನಿಂದ ಕಪ್ಪಾಗಿ ಬಂದರೆ ಬಿಸಿಲಿನ ಕಡೆ ಹೋಗಿದ್ದೆನೆಂದೂ, ಮೂಗು ಸೋರುತ್ತಾ ಬಂದರೆ ಚಳಿಯ ಕಡೆ ಎಂದೂ ಅವರೇ ತಿಳಿದುಕೊಂಡು ರಸಂ ಮಾಡಿಡುತ್ತಾರೆ.

ಇದೇ ಅಭ್ಯಾಸ ಹಬ್ಬಿಹಬ್ಬಿ, ಗುಟ್ಟಲ್ಲದ ಮಾತುಗಳಿಗೂ ತಗಲಿಕೊಂಡಿತು. ಅಂಗಡಿಯಲ್ಲಿ "ಯಾವ ಕಡೆ ಮನೆ ಮೇಡಂ?" ಎಂದರೆ "ಇಲ್ಲೇ, ಹಲಸೂರು ಕಡೆ" ಎನ್ನುತ್ತೇನೆ, ಮನೆ ಎದುರಿಗೇ ಕಾಣುತ್ತಿದ್ದರೂ. ನನ್ನ ಹುಟ್ಟುಹಬ್ಬ ಯಾವಾಗ ಎಂದು ನಾದಿನಿ ಕೇಳಿದಾಗ "ಚಳಿಗಾಲದಲ್ಲಿ" ಎಂದಿದ್ದೆ. ಅವಳು ಅದನ್ನು ಇವತ್ತಿಗೂ ಆಡಿಕೊಂಡು ನಗುತ್ತಾಳೆ.

ಹೀಗೆ ದೇಶದ ಗಡಿಯಾಚೆ ಏಳುವುದನ್ನು ಮೊದಲು ಕಾಣಬೇಕಾದ ನಾನು, ನನ್ನ ಮನೆಯಲ್ಲಿ ನಡೆಯುವುದನ್ನು ಎಲ್ಲರಿಗಿಂತ ಕೊನೆಗೆ ಕಾಣುತ್ತೇನೆ. ಮಗಳು ಕೆ.ಆರ್. ಪುರದ ಒಂದು ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಹಲಸೂರಿನಲ್ಲಿ ಮೆಟ್ರೋ ಹತ್ತುತ್ತಾಳೆ. ಮುಂದೆ ಇಂದಿರಾನಗರದಲ್ಲಿ ಒಬ್ಬ ಹುಡುಗ ಹತ್ತುತ್ತಾನೆ, ಫಿಸಿಯೋಥೆರಪಿಸ್ಟ್. ಇದು ಒಂದೇ ಬೋಗಿಯಲ್ಲಿ, ಒಂದೇ ಬಾಗಿಲ ಹತ್ತಿರ ನಡೆಯುತ್ತಿದ್ದ ವಿಷಯ. ನನ್ನ ಗಂಡನಿಗೆ ಗೊತ್ತಿತ್ತು, ನಾದಿನಿಗೆ ಗೊತ್ತಿತ್ತು, ಇಸ್ತ್ರಿ ಅಂಗಡಿಯವನಿಗೂ ಗೊತ್ತಿತ್ತು. "ಅಮ್ಮಾ, ಭಾನುವಾರ ಅವ್ರ ಅಪ್ಪ ಅಮ್ಮ ಬರ್ತಿದಾರೆ" ಎಂದು ಮಗಳು ಹೇಳಿದಾಗ ನಾನು "ಯಾರ ಅಪ್ಪ ಅಮ್ಮ?" ಎಂದೆ.

ಹುಡುಗನನ್ನು ಕಂಡಾಗ ನನಗೂ ಹಿಡಿಸಿದ. ಮಗಳು ಅವನ ಪಕ್ಕ ನಿಂತಾಗ ಅವಳ ಮುಖ ಬೇರೆಯೇ ಆಗುತ್ತಿತ್ತು. ಈ ಸಂಬಂಧ ಕೂಡಿಬರಲಿ ಎಂದು ನಾನು ಹಲಸೂರಿನ ದೇವಸ್ಥಾನದಲ್ಲಿ ಹಣ್ಣುಕಾಯಿ ಮಾಡಿಸಿದೆ. ಯಾರ ಹೆಸರಲ್ಲಿ ಅರ್ಚನೆ ಎಂದು ಅರ್ಚಕರು ಕೇಳಿದಾಗ "ಮನೆಯವರ ಹೆಸರಲ್ಲಿ" ಎಂದೆನಂತೆ. ಪಕ್ಕದಲ್ಲಿದ್ದ ಗಂಡ ತಲೆ ಚಚ್ಚಿಕೊಂಡು ಮಗಳ ಹೆಸರು, ನಕ್ಷತ್ರ ಹೇಳಿದರು.

ಭಾನುವಾರ ಅವರು ಬಂದರು. ಹುಡುಗನ ತಂದೆ ವಿಮಾ ಕಚೇರಿಯಲ್ಲಿದ್ದು ನಿವೃತ್ತರಾದವರು, ಇಂದಿರಾನಗರದಲ್ಲಿ ಹಳೆಯ ಮನೆ. ನಗುಮುಖದ ಮನುಷ್ಯ. ತಾಯಿ ಸ್ವಲ್ಪ ಗಟ್ಟಿ ಸ್ವಭಾವದವರು. ನನ್ನ ಗಂಡ ಮಾಡಿದ ಕೇಸರಿಬಾತನ್ನು ನಾನು ಮಾಡಿದ್ದೆಂದು ಬಡಿಸಲಾಯಿತು. ಜಾತಕ, ಛತ್ರ, ತಿಂಗಳು ಇತ್ಯಾದಿ ಮಾತು ಶುರುವಾಗುತ್ತದೆಂದು ನಾನು ಕಾಫಿ ಲೋಟ ಹಿಡಿದು ಕುಳಿತೆ. ಹುಡುಗನ ತಂದೆ ನನ್ನ ಕಡೆ ತಿರುಗಿದರು.

"ಮೇಡಂ, ಈಗಿನ ದೊಡ್ಡ ರಾಡಾರ್‌ಗಳು ತಿರುಗೋದೇ ಇಲ್ವಂತೆ? ಗೋಡೆ ಥರ ಸುಮ್ನೆ ನಿಂತಿರ್ತವಂತೆ?"

ಕಾಫಿ ನೆತ್ತಿಗೆ ಹತ್ತಿತು.

"ಹಾಗಂತಾರೆ" ಎಂದೆ ಕೆಮ್ಮುತ್ತಾ.

"ಎಷ್ಟು ದೂರ ಕಾಣುತ್ತೆ ಮೇಡಂ? ಸಾವಿರಾರು ಕಿಲೋಮೀಟರಾ?"

"ಕೇಸರಿಬಾತ್ ಇನ್ನೊಂಚೂರು ಹಾಕ್ಲಾ?"

"ಸಾಕು, ಸಾಕು. ಅಲ್ಲ, ಆಕಾಶದಲ್ಲಿ ಅಷ್ಟೊಂದು ಉಪಗ್ರಹ ಇರುತ್ವಲ್ಲ, ಅದ್ಯಾವ್ದು, ಕ್ಷಿಪಣಿ ಯಾವ್ದು ಅಂತ ಹೇಗೆ ಗೊತ್ತಾಗುತ್ತೆ?"

ಇದು ನನ್ನದೇ ಕೆಲಸ. ಲೋಕದಲ್ಲಿ ಇಷ್ಟೊಂದು ವಿಷಯಗಳಿರುವಾಗ ಈ ಮನುಷ್ಯ ನೇರವಾಗಿ ನನ್ನ ಮೇಜಿಗೇ ಬಂದು ಕೈಯಿಟ್ಟಿದ್ದರು. ಹುಡುಗನ ತಾಯಿ ನನ್ನ ಪೆಚ್ಚು ಮುಖ ನೋಡಿ ಮಾತು ಬದಲಿಸಿ "ನಿಮ್ ತವರೂರು ಯಾವ್ದು?" ಎಂದರು. "ಮೈಸೂರು ದಾಟಿ, ಆ ಕಡೆ" ಎಂದೆ. "ನಂಜನಗೂಡು ಕಣ್ರೀ, ಅದರಲ್ಲೇನಿದೆ ಮುಚ್ಚಿಡೋಕೆ" ಎಂದರು ನನ್ನ ಗಂಡ. ಹುಡುಗನ ತಂದೆ ಬಿಡಲಿಲ್ಲ. ಟೂರಿಗೆ ಸಮುದ್ರದ ಕಡೆ ಹೋಗುತ್ತೀರಾ, ಬೆಟ್ಟದ ಕಡೆಯಾ ಎಂದು ಕೇಳಿದರು. ನಾನು ಅಡುಗೆಮನೆಗೆ ಹೋಗಿ, ಬೇಡದಿದ್ದರೂ ಹಾಲು ಕಾಯಿಸಿದೆ.

ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಅವರು ಮೆಲ್ಲಗೆ ಇನ್ನೊಂದು ಮಾತು ಕೇಳಿದರು.

"ಇಷ್ಟೆಲ್ಲಾ ತಲೇಲಿಟ್ಕೊಂಡು ಓಡಾಡ್ತೀರಲ್ಲ, ನಿಮ್ಗೆ ಭಯ ಆಗಲ್ವೇನಮ್ಮಾ?"

"ಮೆಟ್ಟಿಲು ಹುಷಾರು" ಎಂದೆ ನಾನು.

ಇದು ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಆಫೀಸಿನಲ್ಲಿ ಭದ್ರತೆಯ ಉಪನ್ಯಾಸವಾಗಿತ್ತು. ಪ್ರತಿ ವರ್ಷ ಆಗುತ್ತದೆ, ಪ್ರತಿ ವರ್ಷ ಎಲ್ಲರೂ ತೂಕಡಿಸುತ್ತಾರೆ. ಕಣ್ಣು ಬಿಟ್ಟುಕೊಂಡು ಕೇಳುವವಳು ನಾನೊಬ್ಬಳೇ. ನಮ್ಮ ಭದ್ರತಾಧಿಕಾರಿ ಸೈನ್ಯದಿಂದ ಬಂದವರು, ಮೀಸೆ ತಿರುವಿ ಮಾತಾಡುವವರು. ಬೇಹುಗಾರರು ಕಪ್ಪು ಕನ್ನಡಕ ಹಾಕಿಕೊಂಡು ಬರುವುದಿಲ್ಲ, ಮನೆಯವರ ಹಾಗೆ ನಗುನಗುತ್ತಾ ಬರುತ್ತಾರೆ ಎಂದು ಅವರು ಹೇಳಿದ್ದರು. ಮೊದಲು ಕೆಲಸದ ಬಗ್ಗೆ ಹಗುರವಾಗಿ ಕೇಳುತ್ತಾರೆ, ಆಮೇಲೆ ನಿಮ್ಮ ಕಷ್ಟಸುಖ ವಿಚಾರಿಸುತ್ತಾರೆ. ಅಂಥವರು ಸಿಕ್ಕರೆ ತಕ್ಷಣ ತಿಳಿಸಬೇಕು.

ನಾನು ಸೋಮವಾರ ಬೆಳಿಗ್ಗೆ ಹೋಗಿ ತಿಳಿಸಿದೆ.

ಈಗ ಬರೆಯುವಾಗ ನನಗೇ ನಂಬಲಾಗುವುದಿಲ್ಲ. ಬಸ್ಸಿನಲ್ಲಿ ಹೋಗುವಾಗ ಮನಸ್ಸಿಗೆ ಕಸಿವಿಸಿ ಇತ್ತು. ಆದರೆ ನಿಯಮ ಎಂದರೆ ನಿಯಮ, ಮಗಳ ಮಾವನಾಗುವವರಿಗೆಂದು ಅದರಲ್ಲಿ ವಿನಾಯಿತಿ ಬರೆದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. "ಅವ್ರು ಮಗಳ ಸಂಬಂಧದ ವಿಷಯಕ್ಕೆ ಬಂದವ್ರು ಸಾರ್, ಒಳ್ಳೇವ್ರೇ ಇರಬಹುದು" ಎಂದು ಅಧಿಕಾರಿಯ ಮುಂದೆ ಸೇರಿಸಿದೆ. ಅವರ ಮೀಸೆ ನೆಟ್ಟಗಾಯಿತು. "ಸಂಬಂಧದ ರೂಪದಲ್ಲೇ ಬರೋದು ಮೇಡಂ! ವೆರಿ ಗುಡ್. ನಿಮ್ಮಂಥವ್ರು ಬೇಕು ನಮಗೆ" ಎಂದರು. ಪಾಪ, ಅಷ್ಟು ವರ್ಷಗಳ ಉಪನ್ಯಾಸಕ್ಕೆ ಅವರಿಗೆ ಸಿಕ್ಕ ಮೊದಲ ಫಲ ನಾನೇ ಇರಬೇಕು. ಕೊನೆಯ ಪ್ರಶ್ನೆಯನ್ನೂ ಬಿಡದೆ ಹೇಳಿದೆ. "ಭಯ ಆಗಲ್ವಾ ಅಂದ್ರಾ? ಕ್ಲಾಸಿಕ್!" ಎಂದು ಅವರು ಮೇಜು ತಟ್ಟಿದರು.

ನಮ್ಮಲ್ಲಿ ಫೋನನ್ನು ಗೇಟಿನಲ್ಲಿ ಒಪ್ಪಿಸಿ ಒಳಗೆ ಹೋಗಬೇಕು, ಸಂಜೆ ಬಿಲ್ಲೆ ಕೊಟ್ಟು ವಾಪಸ್ ತೆಗೆದುಕೊಳ್ಳಬೇಕು. ಎಚ್ಚರಿಕೆಯ ಯಂತ್ರದ ಜೊತೆ ದಿನವಿಡೀ ಕೂರುವವಳಿಗೆ ಅವಳ ಮನೆಯ ಎಚ್ಚರಿಕೆ ಸಂಜೆ ಹೊತ್ತಿಗೆ ಮುಟ್ಟುತ್ತದೆ. ಆ ವಾರದ ಕೊನೆಗೆ ಒಂದು ಸಂಜೆ ಫೋನು ಕೈಗೆ ಬಂದಾಗ ಪರದೆಯ ತುಂಬ ಮಗಳ ಕರೆಗಳಿದ್ದವು. ಯಾರಿಗೋ ಏನೋ ಆಗಿಹೋಯಿತೆಂದುಕೊಂಡೆ. ಗೇಟಿನ ಪಕ್ಕದಲ್ಲೇ ನಿಂತು ಫೋನು ಮಾಡಿದೆ.

"ಅಮ್ಮಾ, ನೀನೇನು ಮಾಡಿದೀಯ?" ಎಂದಳು. ತುಂಬ ಅತ್ತಿದ್ದಾಳೆಂದು ದನಿಯಲ್ಲೇ ಗೊತ್ತಾಗುತ್ತಿತ್ತು.

ನಡೆದದ್ದು ಇಷ್ಟು. ಇಂದಿರಾನಗರದ ಅವರ ರಸ್ತೆಗೆ ಯಾರೋ ಒಬ್ಬರು ಬಂದು, ಇಸ್ತ್ರಿ ಗಾಡಿಯವನನ್ನು, ಹಾಲಿನ ಬೂತಿನವರನ್ನು, ಅಕ್ಕಪಕ್ಕದ ಮನೆಯವರನ್ನು ವಿಚಾರಿಸಿದ್ದರು. ಇವರ ಮನೆಗೆ ಯಾರ್ಯಾರು ಬರುತ್ತಾರೆ, ಹೊರದೇಶದವರು ಬರುತ್ತಾರಾ, ಮೇಲೆ ಟೆರೇಸಿನಲ್ಲಿ ಏನಾದರೂ ಆಂಟೆನಾ ಇದೆಯಾ. ಆಮೇಲೆ ಅವರೇ ಬೆಲ್ ಒತ್ತಿ, ಕರೆಂಟ್ ಮೀಟರ್ ನೋಡಲು ಬಂದಿದ್ದೇನೆಂದು ಹೇಳಿ ಒಳಗೆ ಹೋಗಿದ್ದರು. ಮೀಟರ್ ನೋಡುತ್ತಾ "ನಿಮಗೆ ರಾಡಾರ್ ಅಂದ್ರೆ ಯಾಕೆ ಅಷ್ಟು ಇಂಟರೆಸ್ಟು ಸಾರ್?" ಎಂದು ಕೇಳಿದ್ದರು. ರಾಡಾರಿನ ವಿಷಯ ಹುಡುಗನ ತಂದೆ ಜನ್ಮದಲ್ಲಿ ಮಾತಾಡಿದ್ದು ಒಂದೇ ಮನೆಯಲ್ಲಿ. ಅದು ನಮ್ಮದು.

"ಆಂಟಿ ಈ ಸಂಬಂಧವೇ ಬೇಡ ಅಂತಿದಾರೆ" ಎಂದಳು ಮಗಳು. "ಬೀದಿಯೋರೆಲ್ಲ ಅವ್ರನ್ನ ಕಳ್ಳರ ಥರ ನೋಡ್ತಿದಾರಂತೆ. ಅಂಕಲ್ ಯಾಕೆ ಕೇಳಿದ್ರು ಗೊತ್ತಾ ನಿಂಗೆ? ನಾನು ಹೇಳಿದ್ದಕ್ಕೆ! ಅಮ್ಮ ಏನೂ ಮಾತಾಡಲ್ಲ ಅಂಕಲ್, ರಾಡಾರ್ ಬಗ್ಗೆ ಕೇಳಿದ್ರೆ ಮಾತಾಡಬಹುದೇನೋ ಅಂದೆ. ಪಾಪ, ದಿನಾ ಸಂಜೆ ಕೂತ್ಕೊಂಡು ಫೋನಲ್ಲಿ ಓದಿದಾರೆ. ನಿನ್ ಜೊತೆ ಎರಡು ಮಾತಾಡ್ಬೇಕು ಅಂತ."

ಅವಳು ಫೋನಿಟ್ಟಳು. ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ. ನನ್ನ ಮಗಳು ಪರರಿಗೆ ನನ್ನ ಬಗ್ಗೆ ಕೊಟ್ಟ ಪರಿಚಯ, ಅಮ್ಮ ಏನೂ ಮಾತಾಡುವುದಿಲ್ಲ ಎಂಬುದು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನನಗೆ ತುಂಬ ನೋವಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಮರುದಿನ ಭದ್ರತಾಧಿಕಾರಿ ತಾವೇ ನನ್ನನ್ನು ಕರೆಸಿ "ಎಲ್ಲ ಕ್ಲಿಯರ್ ಮೇಡಂ, ಒಳ್ಳೇ ಮನೆತನ. ಹುಡುಗನಿಗೂ ಕೆಟ್ಟ ಚಾಳಿ ಏನಿಲ್ಲ. ಧೈರ್ಯವಾಗಿ ಸಂಬಂಧ ಮಾಡಿ" ಎಂದರು. ಸರ್ಕಾರವೇ ವಿಚಾರಣೆ ನಡೆಸಿ ಒಪ್ಪಿಗೆ ಕೊಟ್ಟ ಬೀಗರು ಈ ಊರಿನಲ್ಲಿ ಇನ್ಯಾರಿಗೆ ಸಿಕ್ಕಿದ್ದಾರೋ ಗೊತ್ತಿಲ್ಲ. ಸಿಕ್ಕವಳಿಗೆ ಮಾತ್ರ ಬೀಗರೂ ಇರಲಿಲ್ಲ, ಮಾತಾಡುವ ಮಗಳೂ ಇರಲಿಲ್ಲ. ಮನೆಯಲ್ಲಿ ಅವಳು ನನಗೆ ಹೇಳಬೇಕಾದ್ದನ್ನು ಅಪ್ಪನ ಮೂಲಕ ಹೇಳಿಸುತ್ತಿದ್ದಳು. ನನ್ನ ಗಂಡ, ಯಾವತ್ತೂ ರೇಗದವರು, "ಶತ್ರು ಬಂದ್ರೆ ಹಿಡೀತೀಯೋ ಇಲ್ವೋ ಗೊತ್ತಿಲ್ಲ, ನೆಂಟರು ಬಂದ್ರೆ ಹಿಡಿದುಕೊಡ್ತೀಯ ಕಣೇ" ಎಂದರು.

ಕೊನೆಗೆ ನಾನೇ ಹೊರಟೆ. ಹಲಸೂರಿನ ಮಾರ್ಕೆಟ್ಟಿನಲ್ಲಿ ಹೂವು, ಹಣ್ಣು ಕೊಂಡೆ. ಹೂವಿನಾಕೆ ತಮಿಳಿನಲ್ಲಿ ಏನು ವಿಶೇಷ ಎಂದು ಕೇಳಿದಳು. ಮಾಮೂಲಿನ ಹಾಗೆ "ಸುಮ್ನೆ" ಎನ್ನಲು ಹೊರಟವಳು, "ತಪ್ಪು ಮಾಡಿದೀನಮ್ಮ, ಕ್ಷಮೆ ಕೇಳೋಕೆ ಹೋಗ್ತಿದೀನಿ" ಎಂದೆ. ಅವಳು ಇನ್ನೊಂದು ಮೊಳ ಹೆಚ್ಚಿಗೆ ಹಾಕಿದಳು. ಗಂಡನೂ ಮಗಳೂ ಜೊತೆಗೆ ಬಂದರು. ಮಗಳು ಆಟೋದಲ್ಲಿ ಆ ತುದಿಗೆ ಕುಳಿತು ಹೊರಗೇ ನೋಡುತ್ತಿದ್ದಳು.

ಇಂದಿರಾನಗರದ ಮನೆಯಲ್ಲಿ ನಮ್ಮನ್ನು ಕೂರಿಸಿದರು, ಅದೇ ದೊಡ್ಡದು. ನಾನು ಹೇಳಬೇಕೆಂದುಕೊಂಡಿದ್ದೆಲ್ಲ ತಲೆಕೆಳಗಾಗಿ, "ತಪ್ಪಾಯ್ತು ಸಾರ್, ನಂದೇ ತಪ್ಪು" ಎಂದಷ್ಟೇ ಬಂತು. ಅವರು ಕೈಮುಗಿದು "ಇರಲಿ ಬಿಡಿ" ಎಂದರು. ಎಲ್ಲರಿಗೂ ಕಾಫಿ ತಂದಿಟ್ಟರು, ಬೇಕಾ ಎಂದು ಕೇಳಲಿಲ್ಲ. ಸಕ್ಕರೆ ಎಷ್ಟು ಎಂದೂ ಕೇಳಲಿಲ್ಲ. "ಈಗೀಗ ಬಿಸಿಲು ಜಾಸ್ತಿ" ಎಂದರು. "ಟ್ರಾಫಿಕ್ಕೂ ಇರುತ್ತೆ" ಎಂದರು. ಅವರ ಬಾಯಿಂದ ಒಂದು ಪ್ರಶ್ನೆಯೂ ಬರಲಿಲ್ಲ.

ಅವರ ಹೆಂಡತಿ ಬಾಗಿಲಿಗೊರಗಿ ನಿಂತಿದ್ದರು. "ಇವ್ರು ಆಯಸ್ಸೆಲ್ಲ ಇನ್ಶೂರೆನ್ಸ್‌ನಲ್ಲಿ ಜನಗಳನ್ನ ಪ್ರಶ್ನೆ ಕೇಳಿಯೇ ಅನ್ನ ತಿಂದೋರು" ಎಂದರು ನನ್ನನ್ನೇ ನೋಡುತ್ತಾ. "ಈಗ ತರಕಾರಿ ಗಾಡಿಯವನ ಹತ್ರ ಬೀನ್ಸ್ ಹೇಗಪ್ಪಾ ಅಂತ ಕೇಳೋಕೂ ಹಿಂದೆ ಮುಂದೆ ನೋಡ್ತಾರೆ."

ನಗು ಬರುವ ಮಾತು, ಯಾರೂ ನಗಲಿಲ್ಲ. ಒಬ್ಬ ಮನುಷ್ಯನ ಬಾಯನ್ನು ನನ್ನ ಬಾಯಿಯ ಹಾಗೆ ಮಾಡಿಬಿಟ್ಟಿದ್ದೆ. ಮಗಳು ತಲೆ ತಗ್ಗಿಸಿ ದುಪಟ್ಟಾದ ಅಂಚು ಸುತ್ತುತ್ತಿದ್ದಳು. ಈಗ ಏನಾದರೂ ಮಾಡದಿದ್ದರೆ ಎದ್ದು ಬರುವುದೊಂದೇ ಉಳಿದಿತ್ತು.

"ಸಾರ್, ಟೆರೇಸಿಗೆ ಹೋಗೋಣ್ವಾ?" ಎಂದೆ. "ಇನ್ನೇನು ಕತ್ತಲಾಗುತ್ತಲ್ಲ, ಬಾಹ್ಯಾಕಾಶ ನಿಲ್ದಾಣ ನಮ್ಮ ಊರಿನ ಮೇಲೆ ಹೋಗುತ್ತೆ. ಬರಿಗಣ್ಣಿಗೆ ಕಾಣುತ್ತೆ. ಇದು ಗುಟ್ಟೇನಲ್ಲ, ಯಾರು ಬೇಕಾದ್ರೂ ಫೋನಲ್ಲಿ ನೋಡ್ಕೋಬಹುದು." ಅವರು ಹೆಂಡತಿಯ ಮುಖ ನೋಡಿದರು. ಆಕೆ ಟೆರೇಸಿನ ಬೀಗದ ಕೈ ತಂದು ಕೊಟ್ಟರು.

ಮೇಲೆ ನೀರಿನ ಟ್ಯಾಂಕು, ಒಣಗಲು ಹಾಕಿದ ಬಟ್ಟೆ, ದೂರದಲ್ಲಿ ಮೆಟ್ರೋ ಹೋಗುವ ಸದ್ದು. ನಾನು ಫೋನು ತೆಗೆದು ತಜ್ಞೆಯ ಹಾಗೆ ವಿವರಿಸತೊಡಗಿದೆ, ಈ ಮೂಲೆಯಿಂದ ಏಳುತ್ತದೆ, ಇಷ್ಟು ಎತ್ತರಕ್ಕೆ ಬರುತ್ತದೆ, ಇನ್ನೂ ಸ್ವಲ್ಪ ಹೊತ್ತಿದೆ ಎಂದು.

"ಅಗೋ!" ಎಂದರು ಹುಡುಗನ ತಂದೆ.

"ಇಲ್ಲ ಸಾರ್, ಇನ್ನೂ ಬಂದಿಲ್ಲ. ಇದರಲ್ಲಿ ತೋರಿಸ್ತಿಲ್ಲ."

"ಅಮ್ಮಾ, ಫೋನ್ ಬಿಟ್ಟು ಮೇಲೆ ನೋಡು!" ಎಂದಳು ಮಗಳು. ಎಷ್ಟೋ ದಿನಗಳ ಮೇಲೆ ನೇರವಾಗಿ ನನಗೇ ಹೇಳಿದ ಮಾತು.

ಮೇಲೆ ನೋಡಿದೆ. ತೆಂಗಿನ ಮರದ ತಲೆಯ ಮೇಲಿಂದ ಒಂದು ಬೆಳ್ಳಗಿನ ಚುಕ್ಕೆ, ಸದ್ದಿಲ್ಲದೆ, ಅವಸರವಿಲ್ಲದೆ ಬರುತ್ತಿತ್ತು. ಇಂಥ ಚುಕ್ಕೆಗಳ ಜೊತೆಗೇ ನನ್ನ ನೌಕರಿಯೆಲ್ಲ ಕಳೆದಿದೆ. ಬರಿಗಣ್ಣಿಂದ ಒಂದನ್ನು ನೋಡಿದ್ದು ಅವತ್ತೇ ಮೊದಲು. ಇದನ್ನು ಅಲ್ಲಿ ಯಾರಿಗೂ ಹೇಳಲಿಲ್ಲ, ಮರ್ಯಾದೆ ಹೋಗುತ್ತದೆಂದು. ಅದು ನಮ್ಮ ನೆತ್ತಿ ದಾಟಿ ಹೋಗುತ್ತಾ ಮಂಕಾಗಿ, ಭೂಮಿಯ ನೆರಳಿಗೆ ಸೇರಿ ಮರೆಯಾಯಿತು. ಎಲ್ಲರೂ ಕತ್ತೆತ್ತಿಕೊಂಡೇ ನಿಂತಿದ್ದೆವು.

ಹುಡುಗನ ತಂದೆಯ ಬಾಯಿ ಸ್ವಲ್ಪ ತೆರೆದು ಮುಚ್ಚಿತು. ಏನೋ ಕೇಳಬೇಕೆಂದು ಬಂದದ್ದನ್ನು ಅವರು ನುಂಗಿಕೊಂಡಿದ್ದು ನನಗೆ ಕಂಡಿತು.

"ಅವತ್ತು ನೀವು ಕೇಳಿದ್ರಲ್ಲ ಸಾರ್" ಎಂದೆ, "ಭಯ ಆಗಲ್ವಾ ಅಂತ."

ಅವರು ಗಾಬರಿಯಿಂದ ಕೈಯಾಡಿಸಿದರು. "ಅಯ್ಯೋ, ಅದನ್ನ ಬಿಟ್ಬಿಡಿ..."

"ಆಗುತ್ತೆ" ಎಂದೆ. "ದಿನಾ ಆಗುತ್ತೆ. ಸುಮ್ನೆ ಗಂಟೆ ಹೊಡೆದುಬಿಟ್ರೆ ಅಂತ ಒಂದು ಭಯ, ನಿಜವಾಗ್ಲೂ ಬಂದಾಗ ಹೊಡೀದೆ ಹೋದ್ರೆ ಅಂತ ಇನ್ನೊಂದು. ಮನೆಗೆ ಬಂದು ಚಪಾತಿ ಲಟ್ಟಿಸುವಾಗ್ಲೂ ಇರುತ್ತೆ. ಯಾರೂ ಕೇಳಿರ್ಲಿಲ್ಲ. ನಾನೂ ಯಾರ ಹತ್ರಾನೂ ಹೇಳಿರ್ಲಿಲ್ಲ."

ಹೇಳಿ ಮುಗಿಸಿದ ಮೇಲೆ ಅರಿವಾಯಿತು, ಟೆರೇಸಿನಲ್ಲಿ ನನ್ನ ಗಂಡನೂ ಮಗಳೂ ನಿಂತಿದ್ದಾರೆಂದು. ನನ್ನ ಗಂಡ ನೀರಿನ ಟ್ಯಾಂಕಿನ ಕಡೆ ತಿರುಗಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಮಗಳು ಹತ್ತಿರ ಬಂದು ನನ್ನ ಮುಂಗೈ ಹಿಡಿದುಕೊಂಡಳು. ಚಿಕ್ಕವಳಿದ್ದಾಗ ರಸ್ತೆ ದಾಟುವಾಗ ಹಾಗೆ ಹಿಡಿದುಕೊಳ್ಳುತ್ತಿದ್ದಳು.

ಹುಡುಗನ ತಾಯಿ ಒಣಗಿದ ಬಟ್ಟೆ ತೆಗೆಯುತ್ತಾ ಗಂಡನ ಬೆನ್ನು ತಿವಿದರು. "ಏನ್ರೀ, ಸುಮ್ನೆ ನಿಂತಿದೀರಲ್ಲ. ಕೇಳ್ರೀ ಅದೇನೋ."

ಅವರು ಗಂಟಲು ಸರಿಮಾಡಿಕೊಂಡರು. ನನ್ನ ಮುಖ ನೋಡಿದರು, ನೆಲ ನೋಡಿದರು, ಮತ್ತೆ ನನ್ನ ಮುಖ ನೋಡಿದರು.

"ಮದುವೆ ಊಟಕ್ಕೆ ಹೋಳಿಗೆ ಇಡ್ಸೋಣ್ವಾ, ಜಾಮೂನಾ?" ಎಂದರು. ಕೂಡಲೇ ಅಂಜಿಕೊಂಡು, "ಇದನ್ನ ಕೇಳಬಹುದು ತಾನೇ?" ಎಂದು ಸೇರಿಸಿದರು.

ನನಗೆ ಅಳು ಬಂತು, ನಗುವೂ ಬಂತು.

"ಕೇಳಿ ಬೀಗರೇ" ಎಂದೆ. "ಏನ್ ಬೇಕಾದ್ರೂ ಕೇಳಿ."